ಕಸಕ್ಕೊಂದು ಖಾನೆ

ಅವರು ಎತ್ತುಗಳಿಗೂ 'ರಿ' ಹಚ್ಚಿ ಮಾತಾಡುತ್ತಿದ್ದರು. ಕಾಲುದಾರಿಗೆ ಅಡ್ಡ ನಿಂತ ಎತ್ತಿನ ಬೆನ್ನಿಗೆ ಬೇರೆ ಯಾರಾದರೂ ಆದರೆ ಒಂದು ಏಟು ಕೊಟ್ಟು ಮುಂದೆ ಹೋಗುತ್ತಿದ್ದರು. ಇವರು ಮಾತ್ರ ಛತ್ರಿಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು, "ಜರಾ ಸರೀರಿ, ನಾವು ಹೋಗಬೇಕು" ಎಂದು ಹೇಳಿ ಕಾಯುತ್ತ ನಿಲ್ಲುತ್ತಿದ್ದರು. ಎತ್ತಿಗೆ ಮನಸ್ಸು ಬರುವ ತನಕ ಅವರ ಹಿಂದೆ ನಾನೂ, ನನ್ನ ಹಿಂದೆ ಅಳತೆಯ ಸರಪಳಿ ಹೊತ್ತವನೂ ಬಿಸಿಲಲ್ಲಿ ನಿಂತಿರಬೇಕು.

ಮೊನ್ನೆ ಆಳಂದದ ಕಡೆಯಿಂದ ಬಂದ ನಮ್ಮ ಬೀಗರೊಬ್ಬರು ಮಾತಿನ ನಡುವೆ ಅವರು ತೀರಿಕೊಂಡ ಸುದ್ದಿ ಹೇಳಿದರು. ಮೊದಲು ಕಣ್ಣ ಮುಂದೆ ಬಂದದ್ದು ಅವರಲ್ಲ, ಆ ಎತ್ತು. ಸತ್ತವರ ಬಗ್ಗೆ ಹೀಗೆ ನಗು ಬರಬಾರದು ಎಂದುಕೊಂಡೆ. ಆದರೆ ಅವರನ್ನು ಬಲ್ಲವರು ಯಾರೂ ಇದಕ್ಕೆ ತಪ್ಪು ತಿಳಿಯಲಾರರು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಒಂದು ಸರ್ಕಾರಿ ಕಾಗದದ ಮೇಲೆ ಬಂದು ಅವರು ಪಟ್ಟ ಪಾಡು ನನಗೆ ಗೊತ್ತಿದೆ.

ಜೇವರ್ಗಿಯಲ್ಲಿ ತಾಲೂಕು ಕಚೇರಿಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಯೇ ನಮ್ಮ ಕಚೇರಿ. ನಿಜಾಮ ಸರ್ಕಾರದ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು, ಇಲ್ಲಿ ಧಾನ್ಯದ ಚಿಂತೆ. ಜೋಳದ ಬೆಳೆ ಹೆಚ್ಚುವುದು ಯಾವುದರಿಂದ ಎಂದು ಮೇಲಿನವರಿಗೆ ತಿಳಿಯಬೇಕಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ತೊಂಬತ್ತು ಹೊಲ ಆರಿಸಿ, ಅಳೆದು, ಕೇಳಿ, ಬರೆದು, ಲೆಕ್ಕ ಹಾಕಿ ತಿಳಿಸುವ ಕೆಲಸ ಇವರ ಪಾಲಿಗೆ ಬಂತು. ಹೈದರಾಬಾದಿನಲ್ಲಿ ಗಣಿತ ಓದಿದವರು. ಆಳಂದ ತಾಲೂಕಿನ ಒಕ್ಕಲು ಮನೆತನ, ಎರೆಮಣ್ಣಿನ ಹೊಲ ಬೇಕಾದಷ್ಟಿತ್ತು. ಆದರೆ ಇವರು ಕುಂಟೆಯ ಹಿಡಿಕೆ ಹಿಡಿದವರಲ್ಲ. ಹೊಲಕ್ಕೆ ಹೋಗು ಎಂದು ಅಪ್ಪ ಕಳಿಸಿದರೆ ಬದುವಿನ ಮೇಲೆ ಕುಳಿತು ಸಾಲು ಎಣಿಸಿಕೊಂಡು ಮನೆಗೆ ಬರುತ್ತಿದ್ದರಂತೆ. ನಾನು ಅವರ ಕೈಕೆಳಗಿನ ಗುಮಾಸ್ತ. ಗುಣಾಕಾರ ಬೇಗ ಮಾಡುತ್ತೇನೆ ಎಂಬ ಒಂದೇ ಗುಣಕ್ಕೆ ನನ್ನನ್ನು ಆರಿಸಿಕೊಂಡಿದ್ದರು.

ಲೆಕ್ಕ ಎಂದರೆ ಹೀಗೆ. ಚಾಪೆಯಷ್ಟು ದೊಡ್ಡ ಕಾಗದ. ಪ್ರತಿ ಹೊಲಕ್ಕೊಂದು ಸಾಲು. ಗೊಬ್ಬರ ಎಷ್ಟು ಬಂಡಿ ಬಿತ್ತು, ಬೆಳೆಯ ಸಾಲುಗಳ ನಡುವೆ ಕುಂಟೆ ಎಳೆದು ಎಡೆ ಎಷ್ಟು ಸಲ ಹೊಡೆದರು, ಎಕರೆಗೆ ಜೋಳ ಎಷ್ಟು ಬಂತು, ಒಂದೊಂದಕ್ಕೂ ಒಂದು ಖಾನೆ. ಬಂದ ಜೋಳದಲ್ಲಿ ಗೊಬ್ಬರದ್ದೆಷ್ಟು, ಎಡೆಯದ್ದೆಷ್ಟು ಎಂದು ಬಿಡಿಸಬೇಕು. ಅವರ ಪುಸ್ತಕದಲ್ಲಿ ಇದಕ್ಕೆ ಗುಣಾಂಕ ಎಂಬ ಅರ್ಥದ ದೊಡ್ಡ ಹೆಸರೇ ಇತ್ತು. ಅವರು ಪಾಲು ಎನ್ನುತ್ತಿದ್ದರು.

"ಗೊಬ್ಬರ ಅಷ್ಟಕ್ಕಷ್ಟೇ ಇರಲಿ. ಎಡಿ ಮಾತ್ರ ಒಂದು ಸಲ ಜಾಸ್ತಿ ಹೊಡದ್ರ ಬೆಳಿ ಎಷ್ಟು ಏರ್ತದ, ಇಲ್ಲಾ ಎಷ್ಟು ಇಳೀತದ, ಅದೇ ಎಡಿ ಪಾಲು. ತಿಳೀತೇನ್ರಿ?" ಎಂದು ಮೊದಲ ದಿನ ನನಗೆ ಹೇಳಿದರು. ತಿಳಿಯಿತು ಎಂದೆ. ತಿಳಿದಿರಲಿಲ್ಲ. ಅದು ಅವರಿಗೆ ಗೊತ್ತಾಗಿ, ಮರುದಿನ ಅದನ್ನೇ ಹೊಸದಾಗಿ ಹೇಳುವವರ ಹಾಗೆ ಮತ್ತೊಮ್ಮೆ ಹೇಳಿದರು.

ಖಾನೆ ಎಂಬ ಮಾತು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿತ್ತು. ಹಳ್ಳಿಯವರು ಅವರನ್ನು 'ಖಾನಿ ಸಾಹೇಬ್ರು' ಎಂದೇ ಕರೆದರು. ಇದರಿಂದ ಒಂದು ಫಜೀತಿಯೂ ಆಯಿತು. ಅಫಜಲಪುರದ ತಾಲೂಕು ಕಚೇರಿಗೆ ಹೊಸದಾಗಿ ಬಂದಿದ್ದ ಪೇಶಕಾರರು, ಖಾನ್ ಸಾಹೇಬರು ಬರುತ್ತಾರೆಂದು ತಿಳಿದು, ತಮ್ಮ ಮನೆಯಲ್ಲಿ ಕುರಿಯ ಪಲಾವು ಮಾಡಿಸಿ, ಅತ್ತರು ಹಚ್ಚಿಕೊಂಡು ಬಾಗಿಲಲ್ಲಿ ಕಾದಿದ್ದರು. ಬಂಡಿಯಿಂದ ಇಳಿದದ್ದು ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಎಲುಬು ಎಣಿಸಬಹುದಾದ ಮೈ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮೊದಲು ನಕ್ಕವರು ಪೇಶಕಾರರೇ. ಪಕ್ಕದ ಮನೆಯಿಂದ ರೊಟ್ಟಿ, ಪುಂಡಿಪಲ್ಲೆ ತರಿಸಿದರು. ಪಲಾವು ಒಳಗೆ ಘಮಘಮಿಸುತ್ತಿದ್ದರೂ ಅತಿಥಿಯ ಜೊತೆ ತಾವೂ ಪುಂಡಿಪಲ್ಲೆಯನ್ನೇ ಉಂಡರು. ಇವರು ತಿರುಗಿ ಬರುವಾಗ ಬಂಡಿಯಲ್ಲಿ, "ಎಂಥಾ ದೊಡ್ಡ ಮನಸ್ಸು ನೋಡ್ರಿ ಅವರ್ದು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವರ ಹೊಲಕ್ಕ ಗೊಬ್ಬರ ಎಷ್ಟು ಹಾಕ್ತಾರ ಕೇಳೋದೇ ಮರತೆ" ಎಂದು ಕೈ ಹಿಸುಕಿಕೊಂಡರು.

ಮನೆಯಲ್ಲಿ ಅವರದು ಇದಕ್ಕಿಂತ ಕಷ್ಟ. ಅವರ ಹೆಂಡತಿಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಒಂದು ದಿನ ಕಾಗದ ಕೊಡಲು ಹೋದಾಗ ಅಕ್ಕಾರ ಒಲೆಯ ಮುಂದಿನಿಂದಲೇ, "ನಿಮ್ಮ ಸಾಹೇಬ್ರಿಗೆ ನೀವರೆ ಹೇಳ್ರಿ. ಸಾರು ಸಪ್ಪಗಾಗೇದ ಅಂತ ಒಂದು ಮಾತು ಹೇಳಂಗಿಲ್ಲ. ಉಪ್ಪು ಎಷ್ಟು, ಹುಣಸಿ ಎಷ್ಟು, ಕುದಿಸಿದ್ದು ಎಷ್ಟೊತ್ತು ಅಂತ ಕೇಳಾಕತ್ತಾರ. ಹಿಂಗ ಕೇಳಿದ್ರ ನಾನು ಅಡಗಿ ಮಾಡ್ಲೋ, ಸಾಕ್ಷಿ ಹೇಳ್ಲೋ?" ಎಂದರು. ಊಟಕ್ಕೆ ಕುಳಿತಿದ್ದ ಸಾಹೇಬರು ತಲೆ ತಗ್ಗಿಸಿ ನಗುತ್ತ, ಆ ಸಪ್ಪ ಸಾರನ್ನೇ ಇನ್ನೊಂದು ಸೌಟು ಹಾಕಿಸಿಕೊಂಡರು.

ಮೊದಲ ವರ್ಷದ ಲೆಕ್ಕ ಬೇಸಿಗೆಯಲ್ಲಿ ಮುಗಿಯಿತು. ಹದಿನೈದು ದಿನ ನಾನು ಗುಣಿಸಿದೆ, ಅವರು ಕೂಡಿಸಿದರು. ಗೊಬ್ಬರದ ಪಾಲು ಎಣಿಸಿದ ಹಾಗೆಯೇ ಬಂತು. ಎಡೆಯ ಪಾಲು ನೋಡಿ ನನ್ನ ಪೆನ್ಸಿಲು ನಿಂತಿತು. ಎಡೆ ಒಂದು ಸಲ ಹೆಚ್ಚು ಹೊಡೆದಷ್ಟೂ ಬೆಳೆ ಇಳಿಯುತ್ತದೆ ಎನ್ನುತ್ತಿತ್ತು ಲೆಕ್ಕ. ನಾನು ತಪ್ಪಿರಬೇಕೆಂದು ಎರಡು ಸಲ ತಿದ್ದಿ ನೋಡಿದೆ. ಅವರು ಮೂರು ಸಲ ನೋಡಿದರು. ಗುಣಾಕಾರ ಎಲ್ಲೂ ತಪ್ಪಿರಲಿಲ್ಲ.

ಅವರಿಗೆ ಆಗ ಅನುಮಾನ ಬರಬೇಕಾಗಿತ್ತು. ಬಂದದ್ದು ಸಂತೋಷ! ತಲೆತಲಾಂತರದಿಂದ ಜನ ಎಡೆ ಹೊಡೆದು ಹೊಡೆದು ಬೆಳೆ ಕೆಡಿಸಿಕೊಂಡಿದ್ದಾರೆ, ಅದನ್ನು ಕಂಡದ್ದು ತಾವೇ ಮೊದಲು ಎಂದು ನಂಬಿದರು. ಎರಡೇ ದಿನದಲ್ಲಿ ಕಾರಣವನ್ನೂ ಹುಡುಕಿಕೊಂಡರು: ಕುಂಟೆಯ ಕುಡ ಬೇರು ಕಡಿಯುತ್ತದೆ, ಎರೆಯ ಹಸಿ ಆರಿಸುತ್ತದೆ. ಕುಂಟೆಯ ಹಿಡಿಕೆ ಹಿಡಿಯದವರಿಗೆ ಹೊಳೆಯುವಂಥ ಕಾರಣ. ಒಕ್ಕಲು ಮನೆಯಲ್ಲಿ ಹುಟ್ಟಿದವನೇ ಆದರೂ ಸಂಬಳಕ್ಕೆ ದುಡಿಯುತ್ತಿದ್ದ ನಾನೂ ತಲೆ ಆಡಿಸಿದೆ. ಅದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ವರದಿ ಮೇಲೆ ಹೋಯಿತು. ಜಿಲ್ಲೆಯ ದೊಡ್ಡ ಸಾಹೇಬರು ಓದಿ ಹಿಗ್ಗಿದರು. ಎತ್ತು ಉಳಿಯಿತು, ಆಳು ಉಳಿಯಿತು, ಕುಡಕ್ಕೆ ಬೇಕಾದ ಕಬ್ಬಿಣ ಉಳಿಯಿತು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಮೂರೂ ತಾಲೂಕುಗಳಲ್ಲಿ ಡಂಗುರ ಸಾರಿದರು: ಜೋಳಕ್ಕೆ ಎಡೆ ಹೊಡೆಯುವುದು ಬಿಡಿರಿ, ಇದು ಇಂಥ ಸಾಹೇಬರ ಶೋಧ. ಹೆಸರು ಹೇಳಿಯೇ ಸಾರಿದರು. ಜನ ನಿಂತು ಕೇಳಿದರು, "ಹೌದ್ರಿ, ಹೌದ್ರಿ" ಎಂದರು, ಮನೆಗೆ ಹೋಗಿ ಎತ್ತು ಹೂಡಿ ಎಡೆ ಹೊಡೆದರು.

ನಮಗೆ ತಿಳಿದಂತೆ ಈ ಮಾತನ್ನು ನಂಬಿದವನು ಒಬ್ಬನೇ, ಮಟಕಿ ಎಂಬ ಹಳ್ಳಿಯ ಶರಣಪ್ಪ. ಅವನ ಹೊಲ ನಮ್ಮ ತೊಂಬತ್ತರಲ್ಲಿ ಒಂದು. ಹಿಂದಿನ ವರ್ಷ ಅಳತೆಗೆ ಹೋದಾಗ ಇವರು ಅವನ ಎತ್ತುಗಳಿಗೆ 'ರಿ' ಎಂದದ್ದನ್ನು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ. "ಎತ್ತಿಗೆ ಇಷ್ಟು ಮರ್ಯಾದಿ ಕೊಡೋರು ಮನಷ್ಯಾಗ ಸುಳ್ಳು ಹೇಳ್ತಾರೇನು?" ಎಂದು ಕುಂಟೆಯನ್ನು ಅಟ್ಟಕ್ಕೆ ಎತ್ತಿಟ್ಟನಂತೆ. ಹೆಂಡತಿ ಗಂಗವ್ವ ಬೈದಳು, ಅತ್ತಳು, ಅವನು ಕೇಳಲಿಲ್ಲ.

ಎಳ್ಳ ಅಮವಾಸ್ಯೆಗೆ ಶರಣಪ್ಪ ನಮ್ಮನ್ನು ಹೊಲದ ಊಟಕ್ಕೆ ಕರೆದ. ಬಂಡಿ ಹೊಲದ ಹತ್ತಿರ ಬಂದಾಗ ಇವರು ಎದ್ದು ನಿಂತು, ಛತ್ರಿ ಚಾಚಿ, "ಏನ್ ಹಸರು ನೋಡ್ರಿ! ಆಜೂಬಾಜೂ ಯಾರ ಹೊಲಾನೂ ಹಿಂಗಿಲ್ಲ" ಎಂದರು. ಅದು ಬೆಳೆಯಲ್ಲ, ಕರಿಕೆ ಹುಲ್ಲಿನ ಕಸ. ಮೊಣಕಾಲುದ್ದ ಕರಿಕೆಯ ನಡುವೆ ಜೋಳದ ದಂಟು ಅಲ್ಲೊಂದು ಇಲ್ಲೊಂದು ಸೊರಗಿ ನಿಂತಿದ್ದವು. ನನಗೆ ಹೇಳುವ ಧೈರ್ಯ ಬರಲಿಲ್ಲ. ಅವರಿಗೆ ತಿಳಿಯಲು ಬಂಡಿಯಿಂದ ಇಳಿಯಬೇಕಾಯಿತು.

ಭೂಮಿಗೆ ಮೊದಲ ತುತ್ತಿನ ಚರಗ ಚೆಲ್ಲಿದ್ದಾಯಿತು. ಗಂಗವ್ವ ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಬಡಿಸಿದಳು. ಸಾಕು ಎಂದರೂ ಬಿಡದೆ ಬಡಿಸಿದಳು. ಇವರು ಕೈ ತೊಳೆದ ಮೇಲೆ ಎದುರಿಗೆ ಬಂದು ಕುಳಿತಳು.

"ಊಟ ಆತೇನ್ರಿ ಸಾಹೇಬ್ರ? ಈಗ ಒಂದು ಮಾತು ಕೇಳ್ತೇನಿ. ಎಡಿ ಹೊಡದ್ರ ಬೆಳಿ ಇಳೀತದ ಅಂತ ನಿಮಗ್ಯಾರು ಹೇಳಿದ್ರು?"

"ತೊಂಬತ್ತು ಹೊಲದ ಲೆಕ್ಕ ಹೇಳೇದ ಅವ್ವ."

"ಅದರಾಗ ನಾಕ್ನಾಕು ಸಲ ಎಡಿ ಹೊಡದವರು ಯಾಕ ಹೊಡದ್ರು ಅಂತ ಕೇಳೀರೇನ್ರಿ?"

ಇವರು ಕರಿಕೆಯ ಕಡೆ ನೋಡಿದರು.

"ಕಸ ಎದ್ದಿತ್ತು, ಅದಕ್ಕ ಹೊಡದಾರ್ರಿ. ಕಸ ಇಲ್ಲದವ ಯಾಕ ಎತ್ತು ದಣಸ್ತಾನ? ನಮ್ಮತ್ತಿ ಜಡ್ಡಿಗೆ ಬಿದ್ದಾಗ ವೈದ್ಯ ದಿನಾ ನಮ್ಮನಿಗೆ ಬರ್ತಿದ್ದ. ಬಾಜೂ ಮನ್ಯಾಗ ಎಲ್ಲಾರೂ ಗಟ್ಟಿ ಇದ್ರು, ಅಲ್ಲಿಗೆ ಒಮ್ಮಿನೂ ಹೋಗ್ಲಿಲ್ಲ. ವೈದ್ಯ ಬಂದಿದ್ದಕ್ಕೇ ನಮ್ಮತ್ತಿ ಸೊರಗಿದಳು ಅಂತೀರೇನ್ರಿ?"

"ಸಾಕು ಬಿಡು" ಎಂದ ಶರಣಪ್ಪ. "ಸಾಹೇಬ್ರು ಉಣ್ಣಾಕ ಬಂದಾರ."

"ಉಣ್ಣಾಕ ಬಂದಾರಂತೇ ಮೊದಲ ಉಣಿಸೇನಿ. ಆಮ್ಯಾಲೆ ಕೇಳಾಕತ್ತೇನಿ."

ಇವರು ಎದ್ದು ಬೆಳೆಯೊಳಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತರು. ಛತ್ರಿಯ ತುದಿಯಿಂದ ಕರಿಕೆ ಸರಿಸಿ ಒಂದು ಜೋಳದ ದಂಟಿನ ಬುಡ ಹುಡುಕಿದರು. ತಿರುಗಿ ಬಂದಾಗ ಕೋಟಿನ ತುಂಬ ಹುಲ್ಲಿನ ಮುಳ್ಳು.

"ಅವ್ವ, ನಮ್ಮ ಕಾಗದದಾಗ ಕಸಕ್ಕ ಖಾನಿನೇ ಇಲ್ಲ."

"ಕಾಗದದಾಗ ಇಲ್ಲಂದ್ರ ಹೊಲದಾಗ ಇರಂಗಿಲ್ಲೇನ್ರಿ?" ಎಂದಳು ಗಂಗವ್ವ.

ತಿರುಗಿ ಹೋಗುವಾಗ ಬಂಡಿಯಲ್ಲಿ ಅವರು ಒಂದೇ ಒಂದು ಮಾತು ಆಡಿದರು. "ಕಸದ ಕೇಡೆಲ್ಲಾ ಎಡಿ ಹೆಸರಿಗೆ ಬರದೇವಿ ನಾವು." ಆಮೇಲೆ ಊರು ಬರುವ ತನಕ ಕೋಟಿನ ಮುಳ್ಳು ಕೀಳುತ್ತ ಕುಳಿತರು.

ಮರುವಾರದಿಂದಲೇ ಮತ್ತೆ ತೊಂಬತ್ತು ಹೊಲಕ್ಕೆ ತಿರುಗಿದೆವು. ಹಿಂದಿನ ವರ್ಷ ಮೊದಲ ಎಡೆಗಿಂತ ಮುಂಚೆ ಕಸ ಎಷ್ಟಿತ್ತು ಎಂದು ಈಗ ಕೇಳಬೇಕು. ಮೊದಲು ಕೇಳಿದ ಹತ್ತು ಜನರೂ ತಮ್ಮ ಹೊಲದಲ್ಲಿ ಕಸವೇ ಇರಲಿಲ್ಲ ಎಂದರು. ಕಸ ಇತ್ತು ಎನ್ನುವುದು ಮನೆಯ ಮಾನದ ಪ್ರಶ್ನೆ. ಆಗ ಇವರಿಗೊಂದು ಉಪಾಯ ಹೊಳೆಯಿತು. ಹೊಲದವರನ್ನು ಬಿಟ್ಟು ಬಾಜೂ ಹೊಲದವರನ್ನು ಕೇಳತೊಡಗಿದರು. ಕೇಳಬೇಕೆನ್ನುವಷ್ಟರಲ್ಲಿ ಅವರೇ ಶುರು ಮಾಡುತ್ತಿದ್ದರು. "ಅವನ ಹೊಲದ ಕಸ ಏನ್ ಕೇಳ್ತೀರಿ ಸಾಹೇಬ್ರ, ಎಮ್ಮಿ ಹೊಕ್ಕರ ಕಾಣ್ತಿದ್ದಿಲ್ಲ!" ಎರಡು ಕಡೆಯ ನೆರೆಯವರನ್ನೂ ಕೇಳಿ, ಇಬ್ಬರ ಮಾತಿನ ನಡುವಿನದನ್ನು ಹಿಡಿದು, ಕಡಿಮೆ, ಮಧ್ಯಮ, ಜಾಸ್ತಿ ಎಂದು ಮೂರು ದರ್ಜೆ ಮಾಡಿದೆವು. ಅಫಜಲಪುರಕ್ಕೆ ಹೋಗುವಾಗ ಭೀಮಾ ದಾಟುವ ಹರಗೋಲಿನಲ್ಲಿ ಅವರು ಕಾಗದದ ಗಂಟನ್ನು ತಲೆಯ ಮೇಲೆ ಹೊತ್ತು ನಿಂತೇ ಬಂದರು. ಅಂಬಿಗ ಕೂಡ್ರಿ ಎಂದು ಎಷ್ಟು ಹೇಳಿದರೂ ಕೂಡಲಿಲ್ಲ. ಕಾಗದ ತೋಯಲಿಲ್ಲ, ಅವರೊಬ್ಬರೇ ದಡದಲ್ಲಿ ಇಳಿಯುವಾಗ ಸೊಂಟದ ತನಕ ತೋಯ್ದರು.

ಹೊಸ ಖಾನೆ ಹಾಕಿ ಮತ್ತೆ ಲೆಕ್ಕಕ್ಕೆ ಕುಳಿತೆವು. ಬರೀ ಕಸದ ಪಾಲು ಹುಡುಕಿದರೆ ಸಾಲದು, ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂದಾಗ ನನಗೆ ಅಳು ಬಂತು. ಹಳೆಯದನ್ನು ಹಾಗೇ ಇಟ್ಟುಕೊಂಡು ಹೊಸದೊಂದನ್ನು ಪಕ್ಕಕ್ಕೆ ಸೇರಿಸಿದರೆ ಆಗದೇ ಎಂದು ಕೇಳಿದೆ.

"ಆಗಂಗಿಲ್ರಿ. ಅಣ್ತಮ್ಮರಿಬ್ಬರು ಹೊಲ ಹಂಚಿಕೊಂಡ ಮ್ಯಾಲೆ, ಮೂರನೇದವ ಒಬ್ಬವ ದೇಶಾಂತರದಿಂದ ಬಂದ್ರ ಏನ್ ಮಾಡ್ತೀರಿ? ಎಲ್ಲಾರ ಪಾಲೂ ಮತ್ತ ಹಂಚಬೇಕು" ಎಂದರು.

ಹಂಚಿದೆವು. ಗೊಬ್ಬರದ ಪಾಲು ಸ್ವಲ್ಪ ಸರಿಯಿತು. ಕಸ ಬೆಳೆಯನ್ನು ಬಹಳ ಇಳಿಸುತ್ತಿತ್ತು. ಎಡೆಯ ಪಾಲು ಇಳಿಕೆಯಿಂದ ಏರಿಕೆಗೆ ಬಂದಿತ್ತು. ಕಸ ಸಮ ಇರುವ ಹೊಲಗಳನ್ನು ಪಕ್ಕಪಕ್ಕ ಇಟ್ಟರೆ, ಎಡೆ ಹೆಚ್ಚು ಹೊಡೆದ ಹೊಲದಲ್ಲೇ ಜೋಳ ಹೆಚ್ಚು. ಕಾಗದ ಅದೇ, ಹೊಲ ಅವೇ, ಜೋಳ ಅಷ್ಟೇ. ಒಂದು ಖಾನೆ ಬಂದು ಮಾತು ತಿರುಗಿತ್ತು. ಅವರು ಒಮ್ಮೆ ದೊಡ್ಡದಾಗಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಶರಣಪ್ಪನ ಹೊಲ ನೆನಪಾಗಿರಬೇಕು.

ಇದಾದ ಮೇಲೆ ಅವರಿಗೆ ಖಾನೆಗಳ ಹುಚ್ಚು ಹತ್ತಿತು. ಇನ್ನೂ ಏನೇನು ಬಿಟ್ಟಿದ್ದೇವೋ ಎಂಬ ಭಯ. ಹೊಲದ ಮಣ್ಣಿನ ಆಳ, ಊರಿನಿಂದ ದೂರ, ಎತ್ತಿನ ಜೋಡಿ ಎಷ್ಟು, ಎಕರೆ ಎಷ್ಟು, ಮನೆಯಲ್ಲಿ ಮಂದಿ ಎಷ್ಟು, ಎಲ್ಲ ಕೇಳಿದರು. ಅಕ್ಕಾರ, "ಅತ್ತಿ ಸೊಸಿ ಜಗಳ ಎಷ್ಟು ಸಲ ಅಂತ ಒಂದು ಬಿಟ್ಟೀರಿ ನೋಡ್ರಿ" ಎಂದರು. ಇವರು ಅದನ್ನೂ ಬರೆದುಕೊಳ್ಳಲು ಪೆನ್ಸಿಲು ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ. ಆದರೆ ಎಕರೆ ಹೆಚ್ಚಿದ್ದವನಲ್ಲೇ ಎತ್ತೂ ಹೆಚ್ಚು. ಎರಡು ಖಾನೆಗಳು ಜೊತೆಯಾಗಿಯೇ ಏರಿ ಜೊತೆಯಾಗಿಯೇ ಇಳಿಯುತ್ತಿದ್ದವು. ಎರಡನ್ನೂ ಹಾಕಿದಾಗ ಒಂದರ ಪಾಲು ಆಕಾಶಕ್ಕೆ, ಇನ್ನೊಂದರದು ಪಾತಾಳಕ್ಕೆ ಹೋಯಿತು. ಒಂದು ಹೊಲ ಬಿಟ್ಟು ಲೆಕ್ಕ ಮಾಡಿದರೆ ಅವು ಜಾಗ ಬದಲಿಸಿದವು. "ಕೂಡೇ ಎಳೀತಾವ್ರಿ ಇವೆರಡು. ಯಾವುದು ಎಷ್ಟು ಎಳೀತು ಅಂತ ಹೆಂಗ ಹೇಳೋದು?" ಎಂದು ಒಂದನ್ನು ಹೊಡೆದು ಹಾಕಿದರು. ಹುಚ್ಚು ಇಳಿಯಿತು.

ಆಮೇಲೆ ದೊಡ್ಡ ಸಾಹೇಬರಿಗೆ ಪತ್ರ ಬರೆದರು. 'ನನ್ನ ವರದಿ ತಪ್ಪು. ಹುಕುಂ ಹಿಂದಕ್ಕೆ ಪಡೆಯಬೇಕು.' ಇಷ್ಟೇ. ನಾನು ಸ್ವಲ್ಪ ಬೆಣ್ಣೆ ಹಚ್ಚಿ ಬರೆಯೋಣ ಎಂದೆ. ಬೇಡ ಎಂದರು. ಅವರನ್ನು ಹೈದರಾಬಾದಿನ ದೊಡ್ಡ ಹುದ್ದೆಗೆ ಕರೆಸುವ ಮಾತು ಆಗ ನಡೆದಿತ್ತು; ಅಕ್ಕಾರ ಹಿತ್ತಾಳೆ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿಡಲು ಶುರು ಮಾಡಿದ್ದರು.

ಎಂಟು ದಿನದಲ್ಲಿ ದೊಡ್ಡ ಸಾಹೇಬರು ಜೇವರ್ಗಿಗೇ ಬಂದರು. ಕೈಯಲ್ಲಿ ಒಂದು ಕಾಗದವಿತ್ತು. ಕುರ್ಚಿಯಲ್ಲಿ ಕುಳಿತು ಮೊದಲೇ ಕೇಳಿದರು.

"ಹೋದ ಸಾಲಿನಾಗ ನಿಮ್ಮ ಹಿಸಾಬ ಒಂದು ಹೇಳ್ತು. ಈ ಸಾಲಿನಾಗ ಇನ್ನೊಂದು. ಒಂದು ಖಾನಿ ಹಾಕಿದ್ರ ಜವಾಬು ಉಲ್ಟಾ ಆಗ್ತದಂದ್ರ, ನಾಳಿಗಿ ಮತ್ತೊಂದು ಹಾಕಿದ್ರ ಮತ್ತ ಉಲ್ಟಾ ಆಗಂಗಿಲ್ಲೇನು?"

"ಆಗಬಹುದ್ರಿ" ಎಂದರು ಇವರು.

ನಾನು ಕಣ್ಣು ಮುಚ್ಚಿಕೊಂಡೆ.

ದೊಡ್ಡ ಸಾಹೇಬರು ಕೈಯಲ್ಲಿದ್ದ ಕಾಗದ ಬಿಡಿಸಿ ಮೇಜಿನ ಮೇಲಿಟ್ಟರು. ಅವರ ಕಚೇರಿಯ ಒಬ್ಬ ಜಾಣರು ನಮ್ಮ ಅಂಕಿಗಳನ್ನೇ ತೆಗೆದುಕೊಂಡು ಇನ್ನೊಂದು ಖಾನೆ ಸೇರಿಸಿದ್ದರು. ಎಡೆಯ ಕೆಲಸವೆಲ್ಲ ಮುಗಿದ ಮೇಲೆ ಬೆಳೆ ಎಷ್ಟು ಎತ್ತರವಿತ್ತು ಎಂಬುದು. ಅದನ್ನೂ ನಾವೇ ಬರೆದಿಟ್ಟಿದ್ದೆವು. ಅದು ಸೇರಿದ ಮೇಲೆ ಎಡೆಯ ಪಾಲು ಹೆಚ್ಚುಕಡಿಮೆ ಸೊನ್ನೆಯಾಗಿತ್ತು.

"ನೋಡ್ರಿ. ಎಡಿಯಿಂದ ಲಾಭಾನೂ ಇಲ್ಲ, ನುಕ್ಸಾನೂ ಇಲ್ಲ. ಹುಕುಂ ಇದ್ದಂಗೇ ಇರಲಿ. ನಿಮ್ಮ ಮಾನಾನೂ ಉಳೀತದ, ನಮ್ಮದೂ ಉಳೀತದ."

ಒಪ್ಪಿಕೊಂಡಿದ್ದರೆ ಅಂದೇ ಮುಗಿಯುತ್ತಿತ್ತು. ಇವರು ಆ ಕಾಗದವನ್ನು ಬಹಳ ಆಸ್ಥೆಯಿಂದ ಓದಿದರು. ಗುಣಾಕಾರ ಚೊಕ್ಕ ಇದೆ ಎಂದು ಮೆಚ್ಚಿದರು ಕೂಡ. ಆಮೇಲೆ ಕೇಳಿದರು.

"ಸಾಹೇಬ್ರ, ಊಟ ಆತೇನ್ರಿ?"

"ಆತು. ಯಾಕ?"

"ಈಗ ಹೊಟ್ಟಿ ತುಂಬೇದ, ಹಸಿವು ಇಲ್ಲ. ಹೊಟ್ಟಿ ಎಷ್ಟು ತುಂಬೇದ ಅನ್ನೋದಕ್ಕ ಒಂದು ಖಾನಿ ಹಾಕೂಣ್ರಿ. ಹೊಟ್ಟಿ ತುಂಬಿದ್ದು ಅಷ್ಟಕ್ಕಷ್ಟೇ ಹಿಡಕೊಂಡು, ರೊಟ್ಟಿ ಹಸಿವಿಗೆ ಏನು ಮಾಡ್ತು ಅಂತ ಕೇಳಿದ್ರ, ಏನೂ ಮಾಡ್ಲಿಲ್ಲ ಅಂತ ಲೆಕ್ಕ ಹೇಳ್ತದ. ರೊಟ್ಟಿ ಮಾಡೋ ಕೆಲಸಾನೇ ಹೊಟ್ಟಿ ತುಂಬಸೋದಲ್ರೀ. ಎಡಿ ಹೊಡದದ್ದಕ್ಕೇ ಬೆಳಿ ಎತ್ತರ ಆಗೇದ. ಆ ಎತ್ತರಾನ ಬ್ಯಾರೆ ಖಾನಿ ಮಾಡಿದ್ರ, ಎಡಿ ದುಡದದ್ದನ್ನ ಅದರ ಕೈಯಿಂದ ಕಸಗೊಂಡಂಗ ಆತು."

"ಕಸದ ಖಾನಿ ಹಾಕಬಹುದು, ಇದನ್ನ ಹಾಕಬಾರದೋ?"

"ಕಸ ಎಡಿಗಿಂತ ಮೊದಲ ಇತ್ತು. ಅದನ್ನ ನೋಡೇ ಎಡಿ ಹೊಡದಾರ. ಎತ್ತರ ಎಡಿ ಹೊಡದ ಮ್ಯಾಲೆ ಬಂತು. ಯಾವುದು ಹಾಕಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಹೇಳಂಗಿಲ್ರಿ ಸಾಹೇಬ್ರ. ಹೊಲದವರನ್ನ ಕೇಳಬೇಕು. ನಾನು ಕೇಳಿರಲಿಲ್ಲ. ತಪ್ಪು ನಂದು."

ದೊಡ್ಡ ಸಾಹೇಬರು ತಾವು ತಂದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಕೆಟ್ಟವರಲ್ಲ. "ಹುಕುಂ ಹಿಂದಕ್ಕ ತಗೋತೇನಿ. ಆದ್ರ ತಪ್ಪು ಯಾರ್ದು ಅಂತ ಬರೀಬೇಕಾಗ್ತದ. ಪೂರಾ ನಿಮ್ಮ ಮ್ಯಾಲೇ ಬರೀಬೇಕಾಗ್ತದ" ಎಂದರು.

"ಬರೀರಿ" ಎಂದರು ಇವರು.

ಅಕ್ಕಾರ ಪಾತ್ರೆಗಳ ಹುಲ್ಲು ಬಿಚ್ಚಿದರು. ಒಂದು ಮಾತೂ ಆಡಲಿಲ್ಲ ಎಂದು ಹೇಳುವಂತಿಲ್ಲ. ಮೂರು ದಿನ ಆಡಿದರು. ನಾಲ್ಕನೆಯ ದಿನ ಸಾರು ರುಚಿಯಾಗಿತ್ತು.

ಹೊಸ ಡಂಗುರಕ್ಕೆ ಮಟಕಿಗೆ ತಾವೇ ಹೋದರು. ಹಲಗೆ ಬಡಿಯುವವನ ಪಕ್ಕದಲ್ಲಿ ನಿಂತು, "ಎಡಿ ಹೊಡೀರಿ. ಮೊದಲ ಹೇಳಿದ್ದು ನನ್ನ ತಪ್ಪು" ಎಂದರು. ಅವರ ಧ್ವನಿ ಎದುರಿನ ಎರಡು ಮನೆಯ ಆಚೆ ಹೋಗಲಿಲ್ಲ. ಹಲಗೆಯವನು ಕನಿಕರಪಟ್ಟು ಅದನ್ನೇ ಜೋರಾಗಿ, ಕೈಯಿಂದ ನಾಲ್ಕು ಮಾತು ಸೇರಿಸಿ ಸಾರಿದ. "ಸಾಹೇಬ್ರಿಗೆ ಏನೂ ತಿಳಿದಿದ್ದಿಲ್ರಪೋ, ಈಗ ತಿಳದೇದಂತ್ರಪೋ!" ಇವರು ಪ್ರತಿ ಮಾತಿಗೂ ಹೌದು ಹೌದು ಎಂದು ತಲೆ ಆಡಿಸಿದರು.

ಆದರೆ ಆ ದಿನಗಳಲ್ಲಿ ಅವರು ಇಳಿದುಹೋಗಿದ್ದರು. ಉಣ್ಣುತ್ತಿರಲಿಲ್ಲ. ಲೆಕ್ಕದ ನಡುವೆ ಪೆನ್ಸಿಲು ಬಿಟ್ಟು ಕುಳಿತುಬಿಡುತ್ತಿದ್ದರು. ಶರಣಪ್ಪನಿಗೆ ಆ ವರ್ಷ ರಾಶಿಯಲ್ಲಿ ಎಂದಿಗಿಂತ ಎರಡು ಚೀಲ ಜೋಳ ಕಡಿಮೆ ಬಂದಿತ್ತು. ತಮ್ಮ ಊರಿನ ಮನೆಯ ಧಾನ್ಯದ ಹಗೇವಿನಿಂದ ಎರಡು ಚೀಲ ತೆಗೆಸಿ, ಬಂಡಿಯಲ್ಲಿ ಹಾಕಿಸಿಕೊಂಡು, ನನ್ನನ್ನೂ ಕರೆದುಕೊಂಡು ಮಟಕಿಗೆ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು 'ಶರಣಪ್ಪನವರೇ' ಎಂದು ತುಟಿ ಅಲ್ಲಾಡಿಸುತ್ತ ಬಂದರು. ಮನೆಯ ಮುಂದೆ ಇಳಿದಾಗ ಎಲ್ಲ ಮರೆತು, ಬರೀ ಕೈ ಮುಗಿದರು. ಶರಣಪ್ಪ ಗಾಬರಿಯಾಗಿ ತಾನೂ ಕೈ ಮುಗಿದ. ಇಬ್ಬರೂ ಹಾಗೆಯೇ ನಿಂತಿದ್ದಾಗ ಗಂಗವ್ವ ಹೊರಗೆ ಬಂದು ಚೀಲ ನೋಡಿದಳು.

"ಎರಡು ಯಾಕ ತಂದೀರಿ?"

"ಎರಡು ಕಮ್ಮಿ ಬಂತಲ್ಲ ಅವ್ವ. ನನ್ನ ಮಾತು ಕೇಳಿ."

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಾಜೂ ಹೊಲದವರು ಮೂರು ಸಲ ಎಡಿ ಹೊಡದಾರ್ರಿ. ನಮ್ಮಷ್ಟೇ ಹೊಲ, ನಮ್ಮಂಥದೇ ಎರಿ. ಅವರಿಗೂ ಈ ಸಲ ಒಂದು ಚೀಲ ಕಮ್ಮೀನೇ ಬಂದದ. ಹಿಂದಿನ ಮಳಿ ಹಿಡೀಲಿಲ್ಲ. ಎರಡರಾಗ ಒಂದು ಮಳಿದು, ಒಂದು ನಿಮ್ದು. ಮಳಿದು ನೀವ್ಯಾಕ ಕೊಡ್ತೀರಿ?" ಎಂದು ಗಂಡನ ಕಡೆ ತಿರುಗಿ, "ಒಂದು ಇಳಸು, ಒಂದು ಬಂಡ್ಯಾಗೇ ಇರಲಿ" ಎಂದಳು.

ಇವರು ಆಕೆಯನ್ನು ನೋಡುತ್ತಲೇ ಇದ್ದರು. ಮೇಲಿನವರು ತಪ್ಪನ್ನು ಪೂರಾ ಇವರ ಮೇಲೆ ಬರೆದಿದ್ದರು. ಇವರೂ ಪೂರಾ ತಮ್ಮ ಮೇಲೆಯೇ ಬರೆದುಕೊಂಡು ಎರಡು ತಿಂಗಳಿನಿಂದ ಹೊತ್ತು ತಿರುಗಿದ್ದರು. ಮಳೆಯನ್ನು ಯಾರೂ ನೆನೆಸಿಕೊಂಡಿರಲಿಲ್ಲ, ಇವರೂ.

"ನನ್ನದು ಒಂದೇ ಏನವ್ವ?" ಎಂದು ಕೇಳಿದರು. ಮಕ್ಕಳು ಕೇಳುವ ಹಾಗೆ.

"ಒಂದೇ ರಿ. ಆದ್ರ ಅದು ಪೂರಾ ನಿಮ್ದೇ" ಎಂದಳು ಗಂಗವ್ವ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ತಿರುಗಿ ಬರುವಾಗ ಮಧ್ಯಾಹ್ನದ ಬಿಸಿಲು. ಬಂಡಿ ಮಟಕಿಯ ಬೇವಿನ ಗಿಡಗಳನ್ನು ದಾಟುವಷ್ಟರಲ್ಲಿ ಅವರು ಉಳಿದ ಚೀಲಕ್ಕೆ ತಲೆ ಹಚ್ಚಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತ ನಿದ್ದೆ ಹೋಗಿದ್ದರು. ನಾನು ಛತ್ರಿ ಬಿಚ್ಚಿ ಅವರ ಮುಖಕ್ಕೆ ನೆರಳು ಹಿಡಿದೆ. ಬಂಡಿಯವನು ಹಿಂದೆ ತಿರುಗಿ ನೋಡಿ, ಎತ್ತುಗಳಿಗೆ ಸಾವಕಾಶ ನಡೆಯಲು ಹೇಳಿದ.